ಮಿರ್ಜಾ: ಅರಸನ ಅಪ್ಪಣೆ ಬೇಡದ ಬಿರುದು

ಮಿರ್ಜಾ ಎಂಬ ಹೆಸರು ಕಿವಿಗೆ ಬಿದ್ದರೆ ಇದು ಯಾವುದೋ ರಾಜವಂಶದ ಕುಡಿ ಇರಬೇಕು ಎಂದುಕೊಳ್ಳುವವರು ಬಹಳ. ಹಾಗೆ ಎಣಿಸಲು ಕಾರಣವೂ ಇದೆ. ಅಮೀರನ ಮಗ ಎಂಬ ಅರ್ಥದ ‘ಅಮೀರ್‌ಜಾದಾ’ ಎಂಬ ಪರ್ಷಿಯನ್ ಪದ ಸವೆದು ಮಿರ್ಜಾ ಆಯಿತು. ತೈಮೂರನ ವಂಶದಲ್ಲಿ ಅದು ರಾಜಕುಮಾರರ ಗುರುತಾಗಿತ್ತು. ಬಾಬರನ ತಂದೆ, ಫರ್ಗಾನಾದ ಒಡೆಯ ಉಮರ್ ಶೇಖ್ ಮಿರ್ಜಾ. ಗದ್ದುಗೆಯ ಮೇಲೆ ಕುಳಿತವನೂ ಮಿರ್ಜಾ ಎನಿಸಿಕೊಳ್ಳುತ್ತಿದ್ದ ಕಾಲ ಅದು. 1507ರಲ್ಲಿ ಕಾಬೂಲಿನಲ್ಲಿದ್ದ ಬಾಬರ್, ತನ್ನನ್ನು ಇನ್ನು ಮಿರ್ಜಾ ಎನ್ನದೆ ಬಾದಶಹ ಎಂದೇ ಕರೆಯಬೇಕೆಂದು ಅಪ್ಪಣೆ ಮಾಡಿದ. ಆದರೆ ಇವತ್ತು ಜನರ ಹೆಸರಿನಲ್ಲಿ ಉಳಿದಿರುವ ಮಿರ್ಜಾದ ಚರಿತ್ರೆಯಲ್ಲಿ ರಕ್ತಸಂಬಂಧಕ್ಕಿಂತ ಓದುಬರಹದ ಪಾಲು ದೊಡ್ಡದು ಎಂಬುದು ನನ್ನ ವಾದ.

ಇದಕ್ಕೆ ಒಳ್ಳೆಯ ಸಾಕ್ಷಿ ಇರಾನಿನಲ್ಲೇ ಇದೆ. ಅಲ್ಲಿ ಬಿರುದು ಹೆಸರಿನ ಕೊನೆಗೆ ಬಂದರೆ ಆತ ರಾಜಕುಮಾರ, ಮೊದಲಿಗೆ ಬಂದರೆ ಓದುಬರಹ ಬಲ್ಲವ, ದಫ್ತರದ ಬರಹಗಾರ ಎಂದಾಗಿತ್ತು. ಅಬ್ಬಾಸ್ ಮಿರ್ಜಾ ಇರಾನನ್ನು ಆಳಿದ ಕಾಜಾರ್ ವಂಶದ ದೊರೆಯ ಮಗ, ಪಟ್ಟಕ್ಕೆ ಉತ್ತರಾಧಿಕಾರಿ. ಮಿರ್ಜಾ ತಕಿ ಖಾನ್ ಒಬ್ಬ ಅಡುಗೆಯವನ ಮಗ! ತಂದೆ ದುಡಿಯುತ್ತಿದ್ದ ಮಂತ್ರಿಯ ಮನೆಯಲ್ಲೇ ಅಕ್ಷರ ಕಲಿತು, ಮುಂದೆ ಇರಾನಿನ ಪ್ರಧಾನಮಂತ್ರಿಯಾಗಿ, 1851ರಲ್ಲಿ ದಾರುಲ್ ಫುನೂನ್ ಎಂಬ ಹೊಸ ಬಗೆಯ ವಿದ್ಯಾಲಯ ಆರಂಭವಾಗಲು ಕಾರಣನಾದ. ಅವನನ್ನು ಮಿರ್ಜಾ ಮಾಡಿದ್ದು ಯಾವ ಅಮೀರನ ವಂಶವೂ ಅಲ್ಲ, ಕೈಯಲ್ಲಿದ್ದ ಲೇಖನಿ. 1925ರಲ್ಲಿ ಇರಾನಿನ ಸಂಸತ್ತು ಬಿರುದುಗಳನ್ನೇ ರದ್ದುಮಾಡಿತು. ಅಷ್ಟರಲ್ಲಿ ಮಿರ್ಜಾ ಗಡಿ ದಾಟಿ ಎಷ್ಟೋ ಕಾಲವಾಗಿತ್ತು. ಕ್ರೈಸ್ತರಾದ ಆರ್ಮೇನಿಯನ್ನರಲ್ಲಿ ಮಿರ್ಜೋಯಾನ್ ಎಂಬ ಮನೆತನದ ಹೆಸರಿದೆ. ಬೋಸ್ನಿಯಾದಲ್ಲಿ ಮಕ್ಕಳಿಗೆ ಮಿರ್ಜಾ ಎಂದೇ ಹೆಸರಿಡುತ್ತಾರೆ. ಅಲ್ಲಿನ ಬ್ಯಾಸ್ಕೆಟ್‌ಬಾಲ್ ಆಟಗಾರ ಮಿರ್ಜಾ ದೆಲಿಬಾಶಿಚ್ ಲೋಕಪ್ರಸಿದ್ಧ.

ದೆಹಲಿಯ ಕೆಂಪು ಕೋಟೆಯ ರಾಜಕುಮಾರರೆಲ್ಲ ಮಿರ್ಜಾಗಳೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ; 1857ರ ದಂಗೆಯಲ್ಲಿ ಸೇನೆಯ ಹೊಣೆ ಹೊತ್ತ ಮಿರ್ಜಾ ಮೊಘಲ್, ಬಾದಶಹ ಬಹದ್ದೂರ್ ಷಾನ ಮಗ. ಆದರೆ ಅದೇ ಮೊಘಲ್ ಆಸ್ಥಾನ ಈ ಬಿರುದನ್ನು ರಜಪೂತ ದೊರೆಗೂ ಕೊಟ್ಟಿತು: 1665ರಲ್ಲಿ ಶಿವಾಜಿಯೊಂದಿಗೆ ಪುರಂದರದ ಒಪ್ಪಂದ ಮಾಡಿಕೊಂಡ ಜೈಸಿಂಗ್ ‘ಮಿರ್ಜಾ ರಾಜಾ’. ಕವಿ ಗಾಲಿಬ್ ಮೊಘಲ್ ರಾಜಕುಮಾರನಲ್ಲ, ಸೈನಿಕ ಮನೆತನದವನು. 1850ರಲ್ಲಿ ಬಾದಶಹ ಅವನಿಗೆ ನಜ್ಮುದ್ದೌಲಾ, ದಬೀರುಲ್ ಮುಲ್ಕ್ ಎಂಬ ಭಾರಿ ಬಿರುದುಗಳನ್ನೇ ಕೊಟ್ಟ. ಜನರ ಬಾಯಲ್ಲಿ ಅವು ನಿಲ್ಲಲಿಲ್ಲ. ಮಿರ್ಜಾ ಗಾಲಿಬ್ ಎಂದರೆ ಮಾತ್ರ ಗೊತ್ತಾಗುತ್ತದೆ.

ಅರಸರು ಕೊಟ್ಟ ಬಿರುದುಗಳೂ ಉಳಿದಿವೆ, ತಕಿ ಖಾನನನ್ನು ಇರಾನ್ ಇಂದಿಗೂ ‘ಅಮೀರ್ ಕಬೀರ್’ ಎಂದೇ ನೆನೆಯುತ್ತದೆ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. ಆ ಬಿರುದು ಉಳಿದದ್ದು ಒಬ್ಬನೇ ವ್ಯಕ್ತಿಗೆ ಅಂಟಿಕೊಂಡು. ಮಿರ್ಜಾ ಹಾಗಲ್ಲ, ಸನ್ನದು ಬೇಡ, ದರ್ಬಾರು ಬೇಡ, ಕಿತ್ತುಕೊಳ್ಳುವವರೂ ಇಲ್ಲ. ನಮ್ಮ ಮೈಸೂರಿನ ದಿವಾನರೊಬ್ಬರನ್ನೇ ನೋಡಿ. 1824ರಲ್ಲಿ ಶಿರಾಜ್‌ನಿಂದ ಬೆಂಗಳೂರಿಗೆ ಬಂದು ಕುದುರೆ ವ್ಯಾಪಾರದಲ್ಲಿ ನೆಲೆಯೂರಿದ ಅಜ್ಜ ಆಗಾ ಅಲಿ ಅಸ್ಕರ್. 1926ರಿಂದ 1941ರವರೆಗೆ ದಿವಾನಗಿರಿ ನಡೆಸಿದ ಮೊಮ್ಮಗ ಮಿರ್ಜಾ ಇಸ್ಮಾಯಿಲ್. ಮಹಾರಾಜರು ಅವರಿಗೆ ‘ಅಮೀನುಲ್ ಮುಲ್ಕ್’ ಎಂಬ ಬಿರುದಿತ್ತರು, ಬ್ರಿಟಿಷರು ‘ಸರ್’ ಪದವಿ ಕೊಟ್ಟರು. ಮೊದಲನೆಯದು ಇಂದು ಎಷ್ಟು ಜನರಿಗೆ ನೆನಪಿದೆ? ಎರಡನೆಯದು ಅವರೊಬ್ಬರ ಗೌರವವಾಗಿಯೇ ನಿಂತಿತು. ಮಿರ್ಜಾ ಎಂಬುದನ್ನು ಮಾತ್ರ ಮೈಸೂರಿನವರು ಬಿರುದೆಂದು ಎಣಿಸಲೇ ಇಲ್ಲ, ಅವರ ಸ್ವಂತ ಹೆಸರೆಂದೇ ಕರೆದರು.