ಎರಡು ವಾರದ ಬಟವಾಡೆ, ಅಂಗಡಿಯ ಉದ್ರಿ

ಖರ್ಚಿನಲ್ಲಿ ದುಂದೂ ಬೇಡ, ಜಿಪುಣತನವೂ ಬೇಡ ಎಂಬುದು ಸೂರಃ ಅಲ್ ಫುರ್ಕಾನ್‌ನ 67ನೇ ವಚನದ ಆಶಯ. ಈ ಬಾರಿಯ ಜುಮಾ ಖುತ್ಬಾದ ವಿಷಯವೂ ಅದೇ. ಅದನ್ನು ನಮ್ಮ ಸೂಳೆಕೆರೆ ಸುತ್ತಿನ ಮನೆಗಳ ಲೆಕ್ಕಕ್ಕೆ ತಂದು ನೋಡೋಣ.

ಎರಡು ವಾರಕ್ಕೊಮ್ಮೆ ಬಟವಾಡೆಯಾಗುವ ಮನೆಯಲ್ಲೂ ಬಾಡಿಗೆ, ಕರೆಂಟ್ ಬಿಲ್ಲು ತಿಂಗಳಿಗೊಮ್ಮೆಯೇ. ಬಾಡಿಗೆ ಕೊಟ್ಟ ವಾರ ಕೈ ಖಾಲಿ, ಅಂಗಡಿಯಲ್ಲಿ ಉದ್ರಿ ಶುರು. ಬಾಡಿಗೆ 3,000 ರೂಪಾಯಿ ಎಂದಿಟ್ಟುಕೊಳ್ಳಿ, ಪ್ರತಿ ಬಟವಾಡೆಯಲ್ಲೂ 1,500 ಮೊದಲೇ ಎತ್ತಿಡಬೇಕು. ಅಡಿಕೆ ಸುಲಿದು ಹೆಂಗಸರು ತಂದ ಕೂಲಿಯನ್ನು ಇದಕ್ಕೆ ಸೇರಿಸಬೇಡಿ. ಶರೀಅತ್ ಪ್ರಕಾರ ಅದು ಅವರದೇ ಹಣ, ಮನೆ ನಡೆಸುವ ಹೊಣೆ ಗಂಡನದು. ಅವರಾಗಿಯೇ ಕೊಟ್ಟರೆ ಅದು ಅವರ ಔದಾರ್ಯ.

ಹಲವರ ಗಮನಕ್ಕೆ ಬಾರದ ಸಂಗತಿಯೊಂದಿದೆ. 14 ದಿನಕ್ಕೊಮ್ಮೆ ಎಂದರೆ ವರ್ಷಕ್ಕೆ 24 ಅಲ್ಲ, 26 ಬಟವಾಡೆ. ತಿಂಗಳಿಗೆ ಎರಡರಲ್ಲೇ ಸಂಸಾರ ತೂಗಿಸಿದರೆ ಎರಡು ಬಟವಾಡೆ ಪೂರ್ತಿ ಉಳಿಯುತ್ತವೆ. (ತಿಂಗಳಲ್ಲಿ ಎರಡು ಗೊತ್ತಾದ ತಾರೀಖಿಗೆ ಸಂಬಳ ಪಡೆಯುವವರಿಗೆ ಇದಿಲ್ಲ.) ಹಿಜರಿ ವರ್ಷ ಸುಮಾರು 354 ದಿನ, ಹಾಗಾಗಿ ಈದ್ ಪ್ರತಿವರ್ಷ 11 ದಿನದಷ್ಟು ಮುಂಚೆ ಬರುತ್ತದೆ. ಮೂರು ಬಟವಾಡೆ ಬೀಳುವ ತಿಂಗಳುಗಳನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿ.

ಆ ಹಣ ಈದ್‌ನ ಬಟ್ಟೆಗೋ, ಸಾಲಕ್ಕೋ? ಸಾಲಕ್ಕೇ ಎಂದು ನಾವು ಹೇಳುತ್ತೇವೆ. ಜನಾಝಾ ಬಂದಾಗ ಪ್ರವಾದಿ(ಸ)ರು ಮೃತನ ಮೇಲೆ ಸಾಲವಿದೆಯೇ ಎಂದು ವಿಚಾರಿಸುತ್ತಿದ್ದರು. ಬಡ್ಡಿಯ ಸಾಲವಿದ್ದರೆ ಅದು ಮೊದಲು ತೀರಲಿ, ಅಂಗಡಿಯ ಉದ್ರಿ ಆಮೇಲೆ. ಸಾಲವನ್ನು ಬರೆದಿಡಬೇಕೆಂದು ಸೂರಃ ಅಲ್ ಬಕರಾದ 282ನೇ ವಚನ ಕಲಿಸುತ್ತದೆ. ಅಂಗಡಿಯವರ ಪುಸ್ತಕದ ಜೊತೆ ಮನೆಯಲ್ಲೂ ಒಂದು ನೋಟ್‌ಬುಕ್ ಇರಲಿ. ಶಾಲೆಗೆ ಹೋಗುವ ಮಗಳೇ ಅದನ್ನು ಬರೆಯಬಹುದು.