ಮನೆಯೊಳಗಿನ ಮಯಸಭೆ

ರಾಜಸೂಯಕ್ಕೆ ಬಂದ ದುರ್ಯೋಧನನು ಮಯನು ಕಟ್ಟಿದ ಸಭೆಯಲ್ಲಿ ನೆಲವನ್ನು ನೀರೆಂದು ಬಗೆದು ಉಡುಪನ್ನು ಎತ್ತಿಹಿಡಿದನು. ನೀರನ್ನು ನೆಲವೆಂದು ಬಗೆದು ಅದರೊಳಗೆ ಬಿದ್ದನು. ಈ ಕಥೆಯನ್ನು ಬಾಲ್ಯದಲ್ಲಿ ಕೇಳಿ ನಕ್ಕವರು ನಾವೆಲ್ಲರೂ. ಆದರೆ ಕಳೆದ ದೀಪಾವಳಿಯ ರಜೆಯಲ್ಲಿ ನಮ್ಮ ನಡುಮನೆಯಲ್ಲೇ ಅಂಥದೊಂದು ಸಭೆ ಎದ್ದು ನಿಂತು, ಅದರಲ್ಲಿ ನಾನೇ ದುರ್ಯೋಧನನಾದೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಮಾವನ ಮಗನು ಹಬ್ಬಕ್ಕೆ ಬರುವಾಗ ‘ಕ್ವೆಸ್ಟ್ 2’ ಎಂಬ ವರ್ಚುವಲ್ ರಿಯಾಲಿಟಿ ಯಂತ್ರವನ್ನು ತಂದಿದ್ದನು. ನಾಲ್ಕು ದಿನ ಅದರಲ್ಲಿ ಆಡಿ ಕಂಡುದನ್ನೂ, ಅನಂತರ ಓದಿ ತಿಳಿದುದನ್ನೂ ಸಹಪಾಠಿಗಳ ಮುಂದಿಡುವುದು ಈ ಲೇಖನದ ಉದ್ದೇಶ. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ತಪ್ಪು ಕಂಡಲ್ಲಿ ಬಲ್ಲವರು ತಿದ್ದಬೇಕು.

ಹಾಗಾದರೆ ವರ್ಚುವಲ್ ರಿಯಾಲಿಟಿ ಎಂದರೇನು? ಹೆಸರಿಗೆ ಬೆದರಬೇಕಾಗಿಲ್ಲ. ಇಲ್ಲದ ಲೋಕವನ್ನು ಇದೆಯೆಂಬಂತೆ ಇಂದ್ರಿಯಗಳಿಗೆ ತೋರಿಸುವ ವಿದ್ಯೆ ಅದು. ‘ಕಣ್ಕಟ್ಟು’ ಎಂಬುದಕ್ಕಿಂತ ಒಪ್ಪುವ ಕನ್ನಡ ಮಾತು ಇದಕ್ಕೆ ನನಗೆ ತೋರದು. ಏಕೆಂದರೆ ಇಲ್ಲಿ ಮೊದಲು ಮಾಡುವ ಕೆಲಸವೇ ಕಣ್ಣಿಗೆ ಪೆಟ್ಟಿಗೆಯೊಂದನ್ನು ಕಟ್ಟುವುದು. ಸಿನಿಮಾದ ತೆರೆಗೆ ನಾಲ್ಕು ಅಂಚುಗಳಿವೆ. ಬೇಡವಾದರೆ ಮುಖ ತಿರುಗಿಸಬಹುದು. ಈ ಪೆಟ್ಟಿಗೆಯನ್ನು ಕಟ್ಟಿಕೊಂಡವನು ಎತ್ತ ತಿರುಗಿದರೂ ಅತ್ತಲೂ ಅದೇ ಲೋಕ.

ಈ ಮೋಸದ ಮೂಲ ನಮ್ಮ ಕಣ್ಣುಗಳಲ್ಲಿಯೇ ಇದೆ. ಬೆರಳೊಂದನ್ನು ಮೂಗಿನ ಮುಂದೆ ಹಿಡಿದು ಒಂದೊಂದೇ ಕಣ್ಣನ್ನು ಮುಚ್ಚಿ ನೋಡಿರಿ. ಬೆರಳು ಅತ್ತಿತ್ತ ಜಿಗಿದಂತೆ ಕಾಣುವುದು. ಎರಡು ಕಣ್ಣುಗಳ ನಡುವೆ ಸುಮಾರು ಆರು ಸೆಂಟಿಮೀಟರಿಗಿಂತ ತುಸು ಹೆಚ್ಚು ಅಂತರವಿರುವುದರಿಂದ ಎರಡಕ್ಕೂ ಬೀಳುವ ಚಿತ್ರಗಳು ಸ್ವಲ್ಪ ಬೇರೆ ಬೇರೆ. ಈ ವ್ಯತ್ಯಾಸದಿಂದಲೇ ಮಿದುಳು ವಸ್ತುಗಳ ದೂರವನ್ನು ಅಳೆಯುತ್ತದೆ. ಇದನ್ನು 1838ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೀಟ್‌ಸ್ಟನ್ ಎಂಬ ವಿಜ್ಞಾನಿಯು, ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ತೋರಿಸುವ ಸ್ಟೀರಿಯೋಸ್ಕೋಪ್ ಎಂಬ ಉಪಕರಣದಿಂದ ಸಿದ್ಧಪಡಿಸಿ ತೋರಿಸಿದನು. ಇಂದಿನ ಯಂತ್ರವೂ ಮಾಡುವುದು ಅದನ್ನೇ: ಮಸೂರಗಳ ಹಿಂದೆ, ಪ್ರತಿ ಕಣ್ಣಿಗೂ ಪ್ರತ್ಯೇಕ ಚಿತ್ರ.

ಯಂತ್ರವನ್ನು ನೋಡಿದ ನಮ್ಮ ಅಜ್ಜಿ, “ಇದು ಜಾತ್ರೇಲಿ ಕಾಸು ಕೊಟ್ಟು ನೋಡ್ತಿದ್ದ ಬಯಸ್ಕೋಪಿನ ಪೆಟ್ಟಿಗೆ ಅಲ್ವೇನೋ?” ಎಂದರು. ಅವರ ಮಾತು ಅರ್ಧ ನಿಜ. ಉಳಿದರ್ಧವೆಂದರೆ, ಜಾತ್ರೆಯ ಪೆಟ್ಟಿಗೆಗೆ ನೋಡುವವನ ತಲೆ ಎಲ್ಲಿದೆಯೆಂಬ ಅರಿವಿರಲಿಲ್ಲ; ಇದಕ್ಕೆ ಇದೆ. ಒಳಗಿರುವ ಸೂಕ್ಷ್ಮ ಉಪಕರಣಗಳು ತಲೆಯ ಚಲನೆಯನ್ನು ಅಳೆಯುತ್ತವೆ. ಹೊರಗಿರುವ ನಾಲ್ಕು ಕ್ಯಾಮೆರಾಗಳು ಕೋಣೆಯ ಗೋಡೆ ಮೂಲೆಗಳನ್ನು ಗುರುತಿಟ್ಟು, ಧರಿಸಿದವನು ಎತ್ತ ಸರಿದನೆಂದು ಲೆಕ್ಕ ಹಾಕುತ್ತವೆ. ತಲೆ ತಿರುಗಿದೊಡನೆ ಚಿತ್ರವೂ ತಿರುಗಬೇಕು. ಇದಕ್ಕಾಗಿ ಸೆಕೆಂಡಿಗೆ ಎಪ್ಪತ್ತು, ತೊಂಬತ್ತು, ಕೆಲವೊಮ್ಮೆ ಅದಕ್ಕೂ ಹೆಚ್ಚು ಬಾರಿ ಚಿತ್ರವನ್ನು ಹೊಸದಾಗಿ ಬರೆಯಬೇಕಾಗುತ್ತದೆ. ಸ್ವಲ್ಪ ತಡವಾದರೂ ಮಾಯೆ ಹರಿದು ತಲೆ ಸುತ್ತುವುದು.

ತಲೆಯೊಡನೆ ತಿರುಗುವ ಇಂಥ ಚಿತ್ರವನ್ನು 1968ರಲ್ಲಿಯೇ ಅಮೆರಿಕದ ಐವಾನ್ ಸದರ್‌ಲ್ಯಾಂಡ್ ಮಾಡಿ ತೋರಿಸಿದ್ದರು. ಆಗ ತಲೆಯ ಚಲನೆಯನ್ನು ಅಳೆಯಲು ಉಪಕರಣವನ್ನು ಛಾವಣಿಯಿಂದಿಳಿದ ಕೋಲಿಗೆ ಜೋಡಿಸಬೇಕಾಗಿತ್ತು. 1995ರಲ್ಲಿ ಜಪಾನಿನ ನಿಂಟೆಂಡೊ ಕಂಪನಿಯು ‘ವರ್ಚುವಲ್ ಬಾಯ್’ ಎಂಬ ಆಟದ ಯಂತ್ರವನ್ನು ಮಾರಾಟಕ್ಕೆ ತಂದಿತು. ಬರಿಯ ಕೆಂಪು ಗೆರೆಗಳ ಆ ಚಿತ್ರವನ್ನು ಜನ ಮೆಚ್ಚಲಿಲ್ಲ. ಮುಂದೆ ಮೊಬೈಲ್ ಫೋನುಗಳಿಗಾಗಿ ಬೆಳೆದ ಸಣ್ಣ ಪರದೆಗಳೂ ಅಳತೆಯ ಉಪಕರಣಗಳೂ ಅಗ್ಗವಾದುವು. 2012ರಲ್ಲಿ ಪಾಮರ್ ಲಕಿ ಎಂಬ ತರುಣನು ಸಾರ್ವಜನಿಕರಿಂದಲೇ ಹಣ ಕೂಡಿಸಿ ‘ಆಕ್ಯುಲಸ್ ರಿಫ್ಟ್’ ಯೋಜನೆಯನ್ನು ಮುಂದುವರಿಸಿದನು. ಆಗ ಅವನಿಗೆ ಇಪ್ಪತ್ತು ವರ್ಷ ಸಹ ತುಂಬಿರಲಿಲ್ಲ. 2014ರಲ್ಲಿ ಫೇಸ್‌ಬುಕ್ ಕಂಪನಿಯು ಅವನ ಸಂಸ್ಥೆಯನ್ನು ಕೊಂಡಿತು. 2019ರ ‘ಕ್ವೆಸ್ಟ್’, 2020ರ ‘ಕ್ವೆಸ್ಟ್ 2’ ಬಂದಮೇಲೆ ಕಂಪ್ಯೂಟರಿನ ಹಂಗಾಗಲಿ ತಂತಿಯ ತೊಡಕಾಗಲಿ ಇಲ್ಲದೆ ಮನೆಯಲ್ಲಿ ಆಡುವುದು ಸಾಧ್ಯವಾಯಿತು.

ಇನ್ನು ಮನೆಯ ವಿಚಾರಕ್ಕೆ ಬರೋಣ. ಯಂತ್ರದ ಬೆಲೆಯನ್ನು ಎಲ್ಲರೂ ಕೇಳುತ್ತಾರೆ. ಅದು ಬೇಡುವ ಜಾಗವನ್ನು ಯಾರೂ ಕೇಳುವುದಿಲ್ಲ. ಓಡಾಡುತ್ತ ಆಡಲು ಸುಮಾರು ಆರೂವರೆ ಅಡಿ ಚೌಕದ ಬರಿದಾದ ನೆಲ ಬೇಕು. ಐದು ಜನ ಉಂಡು ಮಲಗುವ ನಮ್ಮ ನಡುಮನೆಯಲ್ಲಿ ಅಷ್ಟು ಬರಿಯ ನೆಲವನ್ನು ನಾನು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಅಕ್ಕಿಯ ಮೂಟೆ ಅಡಿಗೆಮನೆಗೆ ಹೋಯಿತು, ಟ್ರಂಕು ಹಿತ್ತಲಿಗೆ ಹೋಯಿತು, ಅಜ್ಜಿ ಜಗಲಿಗೆ ಹೋದರು. ಒಬ್ಬನು ಬೇರೆ ಲೋಕಕ್ಕೆ ಹೋಗಬೇಕಾದರೆ ಉಳಿದವರು ಈ ಲೋಕದಲ್ಲಿ ಜಾಗ ಬಿಡಬೇಕು! ಕೈಯಲ್ಲಿ ಹಿಡಿದ ಸಾಧನದಿಂದ ನೆಲದ ಮೇಲೆ ಎಲ್ಲೆ ಬರೆಯಬೇಕು. ಆ ಗೆರೆಯ ಬಳಿ ಸರಿದರೆ ಎದುರಿಗೆ ಬಲೆಯಂಥ ಗೋಡೆ ಕಾಣಿಸಿ ಎಚ್ಚರಿಸುತ್ತದೆ. ಆದರೆ ಗೆರೆಯೊಳಗೆ ಓಡಿಬರುವ ಚಿಕ್ಕ ತಂಗಿಯನ್ನು ಅದು ತಡೆಯಲಾರದು. ಆ ಕೆಲಸವನ್ನು ಹೊಸ್ತಿಲ ಮೇಲೆ ಕುಳಿತ ನಮ್ಮ ತಾಯಿಯವರು ಮಾಡಿದರು. “ಗೋಡೆ ಬಂತು ಕಣೋ, ಹಿಂದಕ್ಕೆ ಬಾ” ಎಂಬ ಅವರ ದನಿಯೊಂದೇ ಆ ಲೋಕದಲ್ಲಿ ನನಗೆ ಕೇಳುತ್ತಿದ್ದ ಮನೆಯ ದನಿ.

ಮೊದಲು ಆಡಿದ್ದು ‘ಬೀಟ್ ಸೇಬರ್’. ಚೆಕ್ ದೇಶದ ತರುಣರು 2018ರಲ್ಲಿ ಹೊರತಂದ ಈ ಆಟದಲ್ಲಿ, ಸಂಗೀತದ ತಾಳಕ್ಕೆ ಸರಿಯಾಗಿ ಹಾರಿಬರುವ ಕೆಂಪು ನೀಲಿ ಘನಗಳನ್ನು ಎರಡು ಕೈಯ ಕತ್ತಿಗಳಿಂದ ಕಡಿಯಬೇಕು. ಹತ್ತು ನಿಮಿಷದಲ್ಲಿ ಮೈ ಬೆವೆಯಿತು. ಆದರೆ ತಲೆ ಸುತ್ತಲಿಲ್ಲ. ಆಮೇಲೆ ಇಳಿಜಾರಿನಲ್ಲಿ ಧಾವಿಸುವ ಬಂಡಿಯ ಆಟವೊಂದರಲ್ಲಿ ಕುಳಿತೆ. ಎರಡೇ ನಿಮಿಷದಲ್ಲಿ ಹೊಟ್ಟೆ ತೊಳಸಿತು. ಕಾರಣ ಸ್ವಾರಸ್ಯವಾದುದು. ಚಾರ್ಮಾಡಿ ಘಾಟಿಯ ಬಸ್ಸಿನಲ್ಲಿ ಪುಸ್ತಕ ಓದುವವನಿಗೆ, ಒಳಗಿವಿಯು ‘ದೇಹ ಚಲಿಸುತ್ತಿದೆ’ ಎನ್ನುತ್ತದೆ, ಕಣ್ಣು ‘ಇಲ್ಲ’ ಎನ್ನುತ್ತದೆ. ಈ ಬಂಡಿಯಲ್ಲಿ ಅದು ತಿರುಗುಮುರುಗು: ಕಣ್ಣು ‘ಧಾವಿಸುತ್ತಿದ್ದೇನೆ’ ಎಂದರೆ ಒಳಗಿವಿಯು ‘ಕುಳಿತಿದ್ದೇನೆ’ ಎನ್ನುತ್ತದೆ. ಸಾಕ್ಷಿಗಳಿಬ್ಬರ ಹೇಳಿಕೆ ಹೊಂದದಿದ್ದರೆ ಶಿಕ್ಷೆ ಹೊಟ್ಟೆಗೆ. ಕತ್ತಿಯ ಆಟದಲ್ಲಿ ನಾನು ಚಲಿಸಿದಷ್ಟೇ ಲೋಕವೂ ಚಲಿಸಿದುದರಿಂದ ಜಗಳವಿರಲಿಲ್ಲ. ಆದುದರಿಂದ ಹೊಸಬರು ನಿಂತಲ್ಲೇ ಆಡುವ ಆಟಗಳಿಂದ ಹತ್ತು ಹತ್ತು ನಿಮಿಷ ಆರಂಭಿಸುವುದು ಲೇಸು. ತಲೆ ಸುತ್ತಿದೊಡನೆ ಯಂತ್ರವನ್ನು ಬಿಚ್ಚಬೇಕು, ಹಟ ಸಲ್ಲದು. ತಗ್ಗಿನ ಛಾವಣಿಯ ಮನೆಯಲ್ಲಿ ಫ್ಯಾನು ನಿಲ್ಲಿಸಿಯೇ ಕೈಯೆತ್ತಬೇಕು. ಮಸೂರಗಳ ಮೇಲೆ ಬಿಸಿಲು ಬಿದ್ದರೆ ಒಳಗಿನ ಪರದೆ ಸುಟ್ಟುಹೋಗುವುದರಿಂದ ಜಗಲಿಯಲ್ಲಿ ಬಿಟ್ಟುಬರಬಾರದು.

ಕಡೆಯ ದಿನ ಆಡಿದ ಆಟವೇ ಈ ಲೇಖನವನ್ನು ಬರೆಯಿಸಿತು. ಅದರ ಹೆಸರು ‘ರಿಚೀಸ್ ಪ್ಲ್ಯಾಂಕ್ ಎಕ್ಸ್‌ಪೀರಿಯೆನ್ಸ್’. ಲಿಫ್ಟು ನಮ್ಮನ್ನು ಗಗನಚುಂಬಿ ಕಟ್ಟಡದ ಮೇಲಕ್ಕೆ ಒಯ್ಯುತ್ತದೆ. ಬಾಗಿಲು ತೆರೆದರೆ ಮುಂದೆ ಬಯಲಿಗೆ ಚಾಚಿದ ಒಂದೇ ಒಂದು ಹಲಗೆ, ಕೆಳಗೆ ಇರುವೆಗಳಂತೆ ವಾಹನಗಳು. ಆ ಹಲಗೆಯ ತುದಿಗೆ ನಡೆಯಬೇಕು, ಆಟ ಅಷ್ಟೇ.

ನಮ್ಮ ತಂದೆಯವರು ಗಾರೆ ಕೆಲಸದವರು. ಇಪ್ಪತ್ತೈದು ವರ್ಷಗಳಿಂದ ಸಾರವೆಯ ಮೇಲೆ ನಿಂತು ಗೋಡೆ ಕಟ್ಟಿದವರು. ಅವರಿಗೆ ಯಂತ್ರವನ್ನು ಕಟ್ಟಿದೆವು. ಕೆಳಗೆ ನೋಡಿ ಅವರು ಬೆದರಲಿಲ್ಲ. ಒಂದು ಕಾಲನ್ನು ಮುಂದಿಟ್ಟು ಅಂಗಾಲಿನಿಂದ ತಡವಿದರು, ಎಡಗೈಯನ್ನು ಪಕ್ಕಕ್ಕೆ ಚಾಚಿ ಏನನ್ನೋ ಹುಡುಕಿದರು. ಬಳಿಕ ಯಂತ್ರವನ್ನು ಬಿಚ್ಚಿಬಿಟ್ಟರು. “ಕಾಲಿಗೆ ಹಲಗೆ ಸಿಗಲ್ಲ, ಕೈಗೆ ಬೊಂಬು ಸಿಗಲ್ಲ. ಇದರ ಮೇಲೆ ಹೆಂಗಪ್ಪಾ ನಡೆಯೋದು?” ಎಂದರು. ನಿಜವಾದ ಹಲಗೆಯನ್ನು ನೆಲದ ಮೇಲಿಟ್ಟು ಅದರ ಅಳತೆಯನ್ನು ಯಂತ್ರಕ್ಕೆ ತಿಳಿಸುವ ಏರ್ಪಾಡು ಆ ಆಟದಲ್ಲಿ ಉಂಟೆಂದು ನನ್ನ ಮಾವನ ಮಗ ಹೇಳಿದನು. ತಂದೆಯವರು ಹಿತ್ತಲಿನಿಂದ ಸೆಂಟ್ರಿಂಗ್ ಹಲಗೆಯೊಂದನ್ನು ತಂದು ಹಾಸಿದರು. ಈ ಸಲ ಅವಸರವಿಲ್ಲದೆ ತುದಿಯವರೆಗೆ ನಡೆದು, ತಿರುಗಿ ಬಂದರು.

ಆಮೇಲೆ ನಾನು ಹತ್ತಿದೆ. ಹಲಗೆಯ ಅಂಚು ಕಾಲ್ಬೆರಳಿಗೆ ತಗುಲಿದೊಡನೆ ಎದೆ ಧಸಕ್ಕೆಂದಿತು. ಹಲಗೆ ನೆಲದ ಮೇಲೆಯೇ ಇದೆ, ಹೊಸ್ತಿಲಲ್ಲಿ ತಾಯಿ ಕುಳಿತಿದ್ದಾರೆ, ಎಲ್ಲವೂ ತಿಳಿದಿತ್ತು. ಆದರೂ ನಡುವಿನವರೆಗೆ ಹೋಗಿ ಕುಳಿತುಬಿಟ್ಟೆ. ಮನೆಯವರೆಲ್ಲ ನಕ್ಕರು. ತಂದೆಯವರು ನಗಲಿಲ್ಲ. “ಹೆದರಿಕೆ ಇರಲಿ ಬಿಡು, ಹೆದರಿಕೆ ಇದ್ದೋನೇ ಸಂಜೆಗೆ ಮನೆಗೆ ಬರೋದು” ಎಂದರು.

ಅವರ ಕಾಲು ಹುಡುಕಿದುದನ್ನೇ ವಿದ್ವಾಂಸರೂ ಕಂಡುಕೊಂಡಿದ್ದಾರೆಂದು ಅನಂತರ ಓದಿ ತಿಳಿದೆ. ಅಮೆರಿಕದ ನಾರ್ತ್ ಕರೊಲಿನಾ ವಿಶ್ವವಿದ್ಯಾನಿಲಯದಲ್ಲಿ ಮೀಹನ್, ಬ್ರೂಕ್ಸ್ ಮೊದಲಾದವರು, ಸುಳ್ಳು ಹೊಂಡವೊಂದರ ಅಂಚಿನಲ್ಲಿ ಜನರನ್ನು ನಿಲ್ಲಿಸಿ ಅವರ ಎದೆಬಡಿತವನ್ನು ಅಳೆದು, 2002ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಕಾಲಡಿಯಲ್ಲಿ ಒಂದೂವರೆ ಅಂಗುಲ ದಪ್ಪದ ನಿಜವಾದ ಮರದ ಅಂಚನ್ನು ಇಟ್ಟಾಗ ಎದೆಬಡಿತ ಇನ್ನಷ್ಟು ಏರಿತು. ಸುಳ್ಳು ಪೂರ್ಣವಾಗಬೇಕಾದರೆ ಅದಕ್ಕೆ ಒಂದೂವರೆ ಅಂಗುಲದಷ್ಟಾದರೂ ನಿಜ ಬೇಕು! ಈ ಗುಣವನ್ನೇ ಹಿಡಿದು, ಎತ್ತರಕ್ಕೆ ಅಂಜುವವರನ್ನು ಮೆಲ್ಲಮೆಲ್ಲನೆ ಧೈರ್ಯಕ್ಕೆ ತರುವ ಚಿಕಿತ್ಸೆಯನ್ನು ಅದೇ ದೇಶದ ಬಾರ್ಬರಾ ರಾತ್‌ಬಾಮ್ ಮತ್ತು ಸಂಗಡಿಗರು 1995ರಲ್ಲಿಯೇ ಪ್ರಯೋಗಿಸಿ ನೋಡಿದ್ದರು.

ಇದು ಕೇವಲ ಆಟವೇ, ಕಾಲಹರಣವೇ ಎಂದು ಹಿರಿಯರು ಕೇಳಬಹುದು. ದಿನವಿಡೀ ಕಟ್ಟಿಕೊಂಡು ಕುಳಿತರೆ ನಿಸ್ಸಂದೇಹವಾಗಿ ಕಾಲಹರಣವೇ. ಆದರೆ ಒಬ್ಬನ ಕಣ್ಣನ್ನು ಇನ್ನೊಬ್ಬನು ನಿಂತಿರುವ ಜಾಗದಲ್ಲಿ ಇಡುವ ಶಕ್ತಿ ಇದಕ್ಕಿದೆ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಮೂರು ವರ್ಷದ ಫೀಜು, ಪುಸ್ತಕ, ಬಸ್ ಪಾಸಿನ ಹಣ ತಂದೆಯವರು ದುಡಿದು ತಂದದ್ದೆಂದು ತಿಳಿದಿತ್ತು. ಎಂಥ ಜಾಗದಲ್ಲಿ ನಿಂತು ದುಡಿದರೆಂಬುದು ತಿಳಿದಿರಲಿಲ್ಲ. ನಾನು ಬೇಕೆಂದಾಗ ಬಿಚ್ಚಿಡಬಹುದಾದ ಎತ್ತರ ಅವರಿಗೆ ಬಿಚ್ಚಿಡಲಾಗದ್ದು.

ಹಬ್ಬ ಮುಗಿಯಿತು. ಮಾವನ ಮಗ ಯಂತ್ರವನ್ನು ಚೀಲಕ್ಕೆ ತುಂಬಿಕೊಂಡು ಬೆಂಗಳೂರಿನ ಬಸ್ಸು ಹತ್ತಿದನು. ಅಕ್ಕಿಯ ಮೂಟೆ ನಡುಮನೆಗೆ ಬಂತು, ಅಜ್ಜಿಯೂ ಬಂದರು. ಸೋಮವಾರ ಬೆಳಿಗ್ಗೆ ತಂದೆಯವರು ಆ ಹಲಗೆಯನ್ನು ಹೆಗಲ ಮೇಲಿಟ್ಟುಕೊಂಡು ಕೆಲಸಕ್ಕೆ ಹೊರಟರು. ನಾನು ಅದರ ಇನ್ನೊಂದು ತುದಿಯನ್ನು ಹಿಡಿದು ರಸ್ತೆಯವರೆಗೆ ಹೋದೆನು.