ಎಲೆ ಎತ್ತಿದ ಮೇಲೆ ಬಡಿಸುವ ಸೌಟು

ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ, ಐದು ದಿನ ನಡೆಯುತ್ತದೆ. ಮೊದಲ ದಿನ ಮಂಗಳವಾರ. ಅಂದು ಅಮ್ಮ ಕೋಟೆಯ ಗದ್ದುಗೆಯಲ್ಲಿ ಇರುವುದಿಲ್ಲ. ಗಾಂಧಿ ಬಜಾರ್ ಅವಳ ತವರುಮನೆ. ಅಲ್ಲೇ ಕೂತು ಪೂಜೆ ಪಡೆದು, ರಾತ್ರಿ ಮೆರವಣಿಗೆಯಲ್ಲಿ ಗದ್ದುಗೆಗೆ ಹೊರಡುತ್ತಾಳೆ. ತವರಿಗೆ ಬಂದ ಮಗಳಿಗೆ ಉಡಿ ತುಂಬಲು ಊರ ಹೆಂಗಸರೆಲ್ಲ ಅಕ್ಕಿ, ಕಾಯಿ, ಬಳೆ, ಕಣ ಹಿಡಿದು ಬೆಳಗಿನ ಜಾವದಿಂದಲೇ ಬರುತ್ತಾರೆ. ಹೊತ್ತು ಏರಿದ ಹಾಗೆ ಸಾಲು ಅಂಗಡಿಗಳ ಮುಂದೆ ಹಾದು ಉದ್ದಕ್ಕೆ ಬೆಳೆಯುತ್ತದೆ. ಕೈಯಲ್ಲಿ ತಟ್ಟೆ, ಕಂಕುಳಲ್ಲಿ ಕೂಸು, ತಲೆ ಮೇಲೆ ಬೇಸಿಗೆಯ ಬಿಸಿಲು. ಆ ಸಾಲಿನ ಪಕ್ಕದಲ್ಲಿ ಕೊರಳಿಗೆ ಸ್ಕಾರ್ಫ್ ಕಟ್ಟಿಕೊಂಡು, ನೀರಿನ ಡ್ರಮ್ ಕಾಯುತ್ತ ನಿಂತ ಹುಡುಗಿಯರು ನಮ್ಮ ಶಾಲೆಯವರು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಶಾಲೆಯ ಗೈಡ್ಸ್ ಕಂಪನಿಯ ಕ್ಯಾಪ್ಟನ್ ಕೂಡ.

ಜಾತ್ರೆಗೆ ನಾನು ಎಂಟು ಮತ್ತು ಒಂಬತ್ತನೇ ತರಗತಿಯವರನ್ನು ಮಾತ್ರ ಕರೆದೊಯ್ಯುತ್ತೇನೆ. 2022ರಲ್ಲೂ 2024ರಲ್ಲೂ ಜಾತ್ರೆ ಮಾರ್ಚ್‌ನಲ್ಲಿ ಬಂತು, ಅದರ ಬೆನ್ನಿಗೇ ಎಸ್ಸೆಸ್ಸೆಲ್ಸಿ ಪರೀಕ್ಷೆ. ಹತ್ತನೆಯವರು ಎಷ್ಟೇ ಗೋಗರೆದರೂ ಬಿಡುವುದಿಲ್ಲ. ಉಳಿದವರ ತಂದೆತಾಯಿಯರು ಕೇಳುವ ಪ್ರಶ್ನೆ ಒಂದೇ: 'ಇದರಿಂದ ಏನು ಸಿಗುತ್ತೆ ಮೇಡಂ?' ಸರ್ಟಿಫಿಕೇಟ್ ಬಗ್ಗೆ ಕೇಳುತ್ತಿದ್ದಾರೆಂದು ಗೊತ್ತು. ಸ್ಕೌಟ್ಸ್ ಮತ್ತು ಗೈಡ್ಸ್‌ನಲ್ಲಿ ಸೋಪಾನಗಳಿವೆ. ಅವನ್ನು ದಾಟಿದರೆ ರಾಜ್ಯ ಪುರಸ್ಕಾರ, ಆಮೇಲೆ ರಾಷ್ಟ್ರಪತಿ ಪುರಸ್ಕಾರ. ಅದೆಲ್ಲ ಇರಲಿ, ಬೇಡ ಎನ್ನುವವಳಲ್ಲ ನಾನು. ಆದರೆ ಮಕ್ಕಳನ್ನು ಬೀದಿಗೆ ಇಳಿಸುವುದಕ್ಕೆ ನನಗಿರುವ ಕಾರಣ ಬೇರೆ. ಅದು ಕಣ್ಣಿಗೆ ಬೀಳುವುದು ನೀರಿನ ಡ್ರಮ್ಮಿನ ಹತ್ತಿರ ಅಲ್ಲ, ಊಟದ ಪಂಕ್ತಿಯಲ್ಲಿ.

ನಮ್ಮೂರಿನಲ್ಲಿ ಜಾತ್ರೆ, ಗಣಪತಿ, ಉರುಸ್, ಚರ್ಚಿನ ಹಬ್ಬ, ಜಯಂತಿ, ಯಾವುದಿದ್ದರೂ ಎಲ್ಲೋ ಒಂದು ಕಡೆ ಅನ್ನದ ಹಂಡೆ ಒಲೆಯ ಮೇಲಿರುತ್ತದೆ. ಸ್ವಯಂಸೇವಕರು ಬೇಕು ಎಂದು ಶಾಲೆಗೆ ಹೇಳಿಕಳಿಸುತ್ತಾರೆ. ಮಕ್ಕಳು ಓಡಿಬಂದು ಹಿಡಿಯುವುದು ಸೌಟನ್ನು. ಪಾಯಸದ ಬಕೆಟ್‌ಗಂತೂ ಜಗಳವೇ ಆಗುತ್ತದೆ. ಬಡಿಸುವವಳನ್ನು ಎಲ್ಲರೂ ತಲೆಯೆತ್ತಿ ನೋಡುತ್ತಾರೆ, 'ಇನ್ನೊಂಚೂರು ಹಾಕಮ್ಮ' ಎನ್ನುತ್ತಾರೆ. ಫೋಟೊದಲ್ಲಿ ಬರುವುದೂ ಅವಳೇ. ಪಂಕ್ತಿ ಎದ್ದ ಮೇಲೆ ಎಲೆ ಎತ್ತುವವರು ಯಾರು? ಅಡುಗೆಯವರ ಜೊತೆ ಕೂಲಿಗೆ ಬಂದ ಹೆಂಗಸರು. ಅವರೂ ಇಲ್ಲದಿದ್ದರೆ ಮಕ್ಕಳಲ್ಲೇ ಕೆಲವರು ಯಾರೂ ಹೇಳದೆ ಮುಂದೆ ಬಂದು ಬಗ್ಗುತ್ತಾರೆ. ಆ ಕೆಲವರು ಯಾವ ಕೇರಿಯಿಂದ ಬರುವ ಮಕ್ಕಳು ಎಂಬುದನ್ನು ನಾನಿಲ್ಲಿ ಬರೆಯಬೇಕಾಗಿಲ್ಲ. ಅದನ್ನು ಮೊದಲ ಸಲ ಗಮನಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹದಿಮೂರು ವರ್ಷದ ಹುಡುಗಿಗೆ ತನ್ನ ಕೆಲಸ ಇದು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ, ಆದರೂ ಅವಳಿಗೆ ಗೊತ್ತಿತ್ತು.

ಅಂದಿನಿಂದ ನಮ್ಮ ಕಂಪನಿಯಲ್ಲಿ ಒಂದು ಕಟ್ಟಳೆ ಬಂತು. ಎಲೆ ಎತ್ತಿದವರಿಗೆ ಮಾತ್ರ ಸೌಟು. ಮೊದಲ ಪಂಕ್ತಿಯಲ್ಲಿ ಬಡಿಸಬೇಕಾದರೆ ಹಿಂದಿನ ಕಾರ್ಯಕ್ರಮದಲ್ಲಿ ಎತ್ತಿರಬೇಕು. ಈ ಸಲ ಬಡಿಸಿದವರು ಮುಂದಿನ ಪಂಕ್ತಿಗೆ ಎತ್ತಬೇಕು. ಗುಂಪಿನ ನಾಯಕಿಯ, ಅಂದರೆ ಪಟ್ರೋಲ್ ಲೀಡರ್, ಕೈಯಲ್ಲಿ ಪಟ್ಟಿ ಇರುತ್ತದೆ. ಡಾಕ್ಟರ ಮಗಳಿಗೂ ಅದೇ, ಹಮಾಲರ ಮಗಳಿಗೂ ಅದೇ. ತನ್ನ ಮಗಳು ಎಂಜಲು ಬಳಿಯುವುದು ಬೇಡವೆಂದು ಒಬ್ಬ ತಂದೆ ಶಾಲೆಯವರೆಗೂ ಬಂದಿದ್ದರು. ಹಾಗಿದ್ದರೆ ಅವಳು ಬಡಿಸುವುದೂ ಬೇಡ ಎಂದೆ. ಆ ಹುಡುಗಿ ಮಾರನೆಯ ದಿನ ತಾನಾಗಿಯೇ ಬಕೆಟ್ ಹಿಡಿದು ಬಂದಳು.

ಎತ್ತುವುದಕ್ಕೂ ಒಂದು ಕ್ರಮವಿದೆ, ಅದನ್ನು ಕಲಿಸಬೇಕಾಗುತ್ತದೆ. ಬಾಳೆಲೆಯಾದರೆ ಉಂಡವರ ಕಡೆಗೇ ಮಡಚಿ, ಒಳಗಿನದು ಚೆಲ್ಲದ ಹಾಗೆ ಸುರುಳಿ ಸುತ್ತಬೇಕು. ಮಲೆನಾಡಿನಲ್ಲಿ ಈಗ ಅಡಿಕೆ ಹಾಳೆಯ ತಟ್ಟೆಯೇ ಹೆಚ್ಚು. ಅದನ್ನು ಮಡಚಲಾಗದು, ಉಳಿದ ಅನ್ನವನ್ನು ಮೊದಲು ಒಂದು ತಟ್ಟೆಗೆ ಸುರಿದು, ಖಾಲಿಯಾದವನ್ನು ಒಂದರ ಮೇಲೊಂದು ಕೂರಿಸಿಕೊಂಡು ಸಾಲಿನ ಕೊನೆಯವರೆಗೆ ಹೋಗಬೇಕು. ಪ್ಲಾಸ್ಟಿಕ್ ಲೋಟ ಅದರೊಳಗೆ ಸೇರಿತೋ, ಇಡೀ ಚೀಲ ದನಕ್ಕೂ ಆಗದು, ಗೊಬ್ಬರಕ್ಕೂ ಆಗದು. ಹೀಗೆ ಎತ್ತುತ್ತ ಹೋದ ಹುಡುಗಿಯರಿಗೆ ಯಾವ ತಟ್ಟೆಯಲ್ಲಿ ಎಷ್ಟು ಅನ್ನ ಬಿಟ್ಟಿದ್ದಾರೆ ಎಂಬುದು ಲೆಕ್ಕಕ್ಕೆ ಸಿಗುತ್ತದೆ. ಮುಂದಿನ ಪಂಕ್ತಿಯಲ್ಲಿ ಸೌಟು ಹಿಡಿದಾಗ ಅವರು ಕೇಳಿ ಬಡಿಸುತ್ತಾರೆ, ಸುರಿದು ಹೋಗುವುದಿಲ್ಲ. ಮುದುಕರ ಮುಂದೆ ಅರೆಗಳಿಗೆ ನಿಲ್ಲುತ್ತಾರೆ.

ಈ ವಿಷಯ ಬಂದಾಗಲೆಲ್ಲ ನನಗೆ ನೆನಪಾಗುವುದು ಗಾಯಕಿ ಗಂಗೂಬಾಯಿ ಹಾನಗಲ್. 1924ರ ಡಿಸೆಂಬರ್‌ನಲ್ಲಿ ಬೆಳಗಾವಿ ಕಾಂಗ್ರೆಸ್ ಅಧಿವೇಶನ, ಅಧ್ಯಕ್ಷರು ಗಾಂಧೀಜಿ. ಅಲ್ಲಿ ಸ್ವಾಗತ ಗೀತೆ ಹಾಡಿದ ಹುಡುಗಿಯರಲ್ಲಿ ಗಂಗೂಬಾಯಿ ಒಬ್ಬರು, ಆಗ ಅವರಿಗೆ 11 ವರ್ಷ. ದೊಡ್ಡವರಾದ ಮೇಲೆ ಅವರು ನೆನೆದದ್ದು ಗಾಂಧೀಜಿಯ ಮುಂದೆ ಹಾಡಿದ ಸಂಭ್ರಮವನ್ನು ಮಾತ್ರವಲ್ಲ. ಊಟವಾದ ಮೇಲೆ ತನ್ನ ಜಾತಿ ನೋಡಿ ಎಂಜಲೆಲೆ ಎತ್ತು ಎಂದುಬಿಟ್ಟಾರೋ ಎಂಬ ಭಯ ಮನಸ್ಸಿನಲ್ಲಿತ್ತು ಎಂದು ಹೇಳಿಕೊಂಡಿದ್ದರು. ಅದೇ ಅಧಿವೇಶನದಲ್ಲಿ ಕಕ್ಕಸು ಶುಚಿ ಮಾಡುವ ಕೆಲಸವನ್ನೂ ಸ್ವಯಂಸೇವಕರೇ ವಹಿಸಿಕೊಂಡಿದ್ದರು. ಅದರ ಹಿಂದಿನ ವರ್ಷ, 1923ರಲ್ಲಿ, ಹುಬ್ಬಳ್ಳಿಯ ಡಾ. ನಾ.ಸು. ಹರ್ಡೀಕರ್ ಹಿಂದುಸ್ತಾನಿ ಸೇವಾದಳ ಕಟ್ಟಿದ್ದರು. ವೈದ್ಯಕೀಯ ಕಲಿತು, ಅಮೆರಿಕದಲ್ಲೂ ಓದಿ ಬಂದವರು ಊರಿಗೆ ಮರಳಿ ಹುಡುಗರಿಗೆ ಕವಾಯತು, ಶಿಸ್ತು, ಸೇವೆ ಕಲಿಸಲು ನಿಂತರು. ಇಂದಿಗೂ ನಮ್ಮ ಶಾಲೆಗಳಲ್ಲಿ ಭಾರತ ಸೇವಾದಳ ಎಂಬ ಹೆಸರಿನಲ್ಲಿ ಅದರ ಎಳೆ ಉಳಿದಿದೆ. ಒಂದೇ ಪೆಂಡಾಲಿನಲ್ಲಿ ಆ ಭಯವೂ ಇತ್ತು, ಆ ಭಯವನ್ನು ಕಳೆಯುವ ಕೆಲಸವೂ ನಡೆದಿತ್ತು. ನೂರು ವರ್ಷ ಕಳೆದರೂ ಒಂದು ಊಟದ ಸಾಲಿನಲ್ಲಿ ಮಗು ಆ ಭಯ ಹೊತ್ತು ನಿಲ್ಲುವುದಾದರೆ, ಟೀಚರ್ ಆಗಿ ನಾನು ಸುಮ್ಮನಿರುವುದು ಹೇಗೆ?

ಊಟದ ಸಾಲಿನ ಹೊರಗೂ ಇದೇ ಪಾಠ ನನಗೆ ಸಿಕ್ಕಿತು. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಕುಂಬಾರಗುಂಡಿ, ರಾಜೀವ್ ಗಾಂಧಿ ಬಡಾವಣೆ, ವಿದ್ಯಾನಗರದ ಮನೆಗಳಿಗೆ ನೀರು ನುಗ್ಗಿತು. ಪರಿಹಾರ ಕೇಂದ್ರಗಳಿಗೆ ಬಟ್ಟೆ, ಅಕ್ಕಿ, ಚಾಪೆ ರಾಶಿ ರಾಶಿ ಬಂದು ಬಿದ್ದವು. ಗಾಂಧಿ ಬಜಾರಿನ ವ್ಯಾಪಾರಿಗಳು ಹೊಸ ಸೀರೆ, ಟವೆಲ್ಲು ಕಟ್ಟುಗಟ್ಟಲೆ ಕೊಟ್ಟದ್ದನ್ನು ನಾನೇ ಕಂಡಿದ್ದೇನೆ. ವಿಂಗಡಿಸುವ ಕೆಲಸ ನಮ್ಮ ಹುಡುಗಿಯರಿಗೆ ಬಂತು. ಹರಿದದ್ದು ಒಂದು ಕಡೆ, ಉಡಲು ಬರುವುದು ಇನ್ನೊಂದು ಕಡೆ. ಜೋಡಿಯಿಲ್ಲದ ಚಪ್ಪಲಿಯನ್ನೂ ಕೊಟ್ಟವರಿದ್ದರು. ಸ್ವಲ್ಪ ಹೊತ್ತಾದ ಮೇಲೆ ಒಬ್ಬ ಹುಡುಗಿ ಹತ್ತಿರ ಬಂದು ಮೆಲ್ಲಗೆ ಹೇಳಿದಳು: 'ಮಿಸ್, ಒಳಉಡುಪು ಒಂದೂ ಇಲ್ಲ. ಪ್ಯಾಡ್ ಕೂಡ ಇಲ್ಲ.' ಅಲ್ಲಿ ಓಡಾಡುತ್ತಿದ್ದ ದೊಡ್ಡವರು ಯಾರಿಗೂ ಅದು ಹೊಳೆದಿರಲಿಲ್ಲ. ಸಂಜೆಯೊಳಗೆ ಎರಡೂ ಬಂದವು.

ಹೇಳಿದ ಹುಡುಗಿಯ ಮನೆಯೂ ಮುಳುಗಿತ್ತು. ಅವಳ ಪುಸ್ತಕಗಳೆಲ್ಲ ಒದ್ದೆಯಾಗಿದ್ದವು. ಅವಳು ಸಂತ್ರಸ್ತಳಾಗಿ ಸಾಲಿನಲ್ಲಿ ಚಾಪೆ ಪಡೆದದ್ದೂ ಉಂಟು, ಸ್ಕಾರ್ಫ್ ಕಟ್ಟಿ ಚಾಪೆ ಹಂಚಿದ್ದೂ ಉಂಟು, ಎರಡೂ ಒಂದೇ ದಿನ. ಬೇಡ, ನೀನು ಸುಧಾರಿಸಿಕೋ ಎಂದು ಕನಿಕರದಿಂದ ಕೂರಿಸಿದ್ದರೆ ಅವಳಿಗೆ ಕಂಡದ್ದು ನಮಗೆ ಯಾರಿಗೂ ಕಾಣುತ್ತಿರಲಿಲ್ಲ. ದಾನ ಕೊಡುವ ಮಕ್ಕಳು, ದಾನ ಪಡೆಯುವ ಮಕ್ಕಳು ಎಂದು ಎರಡು ಪಟ್ಟಿ ಮಾಡುವ ಕಾರ್ಯಕ್ರಮಗಳಿಗೆ ನಾನು ಮಕ್ಕಳನ್ನು ಕಳಿಸುವುದಿಲ್ಲ. ಶಾಲೆಯಲ್ಲಿ ಬಿಸಿಯೂಟ ಉಣ್ಣುವ ಹುಡುಗಿ ಜಾತ್ರೆಯಲ್ಲಿ ನೂರಾರು ಜನಕ್ಕೆ ಬಡಿಸಿ ಬರಲಿ.

ಬೇರೆ ಕಡೆ ಮಕ್ಕಳ ಸೇವೆಯನ್ನು ಕಾನೂನಾಗಿಯೇ ಮಾಡಿಕೊಂಡಿದ್ದಾರೆ. ಕೆನಡಾದ ಒಂಟಾರಿಯೊದಲ್ಲಿ 40 ಗಂಟೆ ಸಮುದಾಯ ಸೇವೆ ಮಾಡದೆ ಹೈಸ್ಕೂಲು ಡಿಪ್ಲೊಮಾ ಕೈಗೆ ಬರುವುದಿಲ್ಲ. ಅಮೆರಿಕದ ಮೇರಿಲ್ಯಾಂಡ್‌ನಲ್ಲೂ ಸೇವೆಗೆ ಇಂತಿಷ್ಟು ಗಂಟೆ ಎಂದಿದೆ. ಭದ್ರಾವತಿಯ ಕಾಗದನಗರದಲ್ಲಿ ನನ್ನ ಜೊತೆ ಬೆಳೆದ ಗೆಳತಿ ಈಗ ಟೊರಾಂಟೊ ಹತ್ತಿರ ಇದ್ದಾಳೆ. ಅವಳ ಮಗ ಕನ್ನಡ ರಾಜ್ಯೋತ್ಸವದ ಊಟಕ್ಕೆ ಕುರ್ಚಿ ಜೋಡಿಸಿ, ತಟ್ಟೆ ತೊಳೆದು ಗಂಟೆ ಬರೆಸಿಕೊಂಡನಂತೆ. ನಮ್ಮಲ್ಲೂ ಹಾಗೆ ಕಡ್ಡಾಯ ಮಾಡಬೇಕೇ ಎಂದು ಕೇಳುವವರಿದ್ದಾರೆ. ನನಗೆ ಮನಸ್ಸಿಲ್ಲ. ಗಂಟೆಗೆ ರುಜು ಹಾಕಿಸಿಕೊಳ್ಳುವ ಪುಸ್ತಕ ಬಂದರೆ, ರುಜು ಮಾತ್ರ ಹಾಕಿಕೊಡುವವರೂ ಹುಟ್ಟುತ್ತಾರೆ. ಆದರೆ ಮಕ್ಕಳಿಂದ ತಟ್ಟೆ ತೊಳೆಸಲು ಅಲ್ಲಿ ಯಾರೂ ನಾಚುವುದಿಲ್ಲ, ಅದು ಮೆಚ್ಚುವ ಮಾತು.

ಇಲ್ಲಿ ನಡೆಯುವ ಕೆಲವು ಕಾರ್ಯಕ್ರಮಗಳ ಬಗ್ಗೆ ನನಗೆ ಸಿಟ್ಟೂ ಇದೆ. ಮುಖ್ಯ ಅತಿಥಿ ಬರುವವರೆಗೆ ಮಕ್ಕಳನ್ನು ಹೂವಿನ ತಟ್ಟೆ ಕೊಟ್ಟು ಬಿಸಿಲಲ್ಲಿ ನಿಲ್ಲಿಸುವುದು, ಅತಿಥಿ ಎರಡು ಗಂಟೆ ತಡ ಮಾಡುವುದು, ಕೊನೆಗೆ ಮಕ್ಕಳಿಗೆ ಉಪ್ಪಿಟ್ಟು ಮುಗಿದುಹೋಗಿರುವುದು. ಅದಕ್ಕೆ ಸೇವೆ ಎಂದು ಹೆಸರಿಡಬಾರದು. ಮಗುವಿಗೆ ಕೊಡುವ ಕೆಲಸ, ಆ ಮಗು ಮಾಡದಿದ್ದರೆ ನಿಂತುಹೋಗುವಂಥದ್ದಾಗಿರಬೇಕು. ರಕ್ತದಾನ ಶಿಬಿರವನ್ನೇ ನೋಡಿ. 18 ತುಂಬದವರು ರಕ್ತ ಕೊಡುವಂತಿಲ್ಲ. ಆದರೆ ಹೆಸರು ಬರೆದುಕೊಳ್ಳಬಹುದು, ಕೊಟ್ಟು ಎದ್ದವರಿಗೆ ಜ್ಯೂಸ್ ಹಿಡಿದು, ತಲೆ ಸುತ್ತುತ್ತಿದೆಯೇ ಎಂದು ವಿಚಾರಿಸುತ್ತ ಪಕ್ಕದಲ್ಲಿ ಕೂರಬಹುದು. ನಮ್ಮ ಹುಡುಗಿಯರು ಅದನ್ನು ಬಹಳ ಗಂಭೀರವಾಗಿ ಮಾಡುತ್ತಾರೆ.

ಜಾತ್ರೆಯಲ್ಲಿ ಕಳೆದುಹೋದ ಮಕ್ಕಳ ಮೇಜಿನಲ್ಲಿ ಕೂರುವುದು ಅದಕ್ಕಿಂತ ದೊಡ್ಡ ಜವಾಬ್ದಾರಿ. ಅಲ್ಲಿ ಯಾವಾಗಲೂ ಇಬ್ಬರು ಇರುತ್ತಾರೆ, ಜೊತೆಗೆ ಒಬ್ಬರು ಟೀಚರ್. ಅಳುವ ಮಗುವನ್ನು ಹುಡುಕಾಟಕ್ಕೆಂದು ಜನರ ನಡುವೆ ಕರೆದೊಯ್ಯುವಂತಿಲ್ಲ. ಮೈಕಿನಲ್ಲಿ ಹೇಳಿಸಿ, ಪೊಲೀಸರಿಗೆ ತಿಳಿಸಿ, ಅಲ್ಲೇ ಕಾಯಬೇಕು. ಅಪ್ಪ ಅಂತ ಯಾರೇ ಬಂದರೂ ಪೊಲೀಸರ ಎದುರೇ ಒಪ್ಪಿಸಬೇಕು.

ಮುಂದಿನ ಜಾತ್ರೆಗೆ ತಯಾರಿ ಮಾಡುವ ಸಂಘ ಸಂಸ್ಥೆಗಳವರಲ್ಲಿ ನನ್ನ ಕೋರಿಕೆ ಇಷ್ಟು. ಮಕ್ಕಳು ಬೇಕಾದರೆ ಒಂದು ತಿಂಗಳು ಮೊದಲೇ ತಿಳಿಸಿ, ತಂದೆತಾಯಿಯರ ಒಪ್ಪಿಗೆ ಪತ್ರ ತರಿಸಲು ನಮಗೆ ಸಮಯ ಬೇಕು. ಹೆಣ್ಣುಮಕ್ಕಳು ಬಳಸುವಂಥ ಶೌಚಾಲಯ ಯಾವ ಅಂಗಡಿಯ ಹಿಂದೆ, ಯಾರ ಮನೆಯಲ್ಲಿ ಎಂದು ಮೊದಲೇ ಗೊತ್ತು ಮಾಡಿ. ಎರಡು ಗಂಟೆಗೊಮ್ಮೆ ಪಾಳಿ ಬದಲಾಗಲಿ, ಕತ್ತಲಾಗುವ ಮೊದಲು ಅವರು ಮನೆ ಸೇರಲಿ, ಊಟ ಮೊದಲ ಪಂಕ್ತಿಯಲ್ಲೇ ಆಗಲಿ. ಮತ್ತೆ, ತಯಾರಿ ಸಭೆಗೆ ಒಂಬತ್ತನೆಯ ತರಗತಿಯ ಇಬ್ಬರನ್ನಾದರೂ ಕರೆಯಿರಿ. ಕಳೆದ ಸಲ ನೀರಿನ ಡ್ರಮ್ಮನ್ನು ದೇವಿಯ ಮಂಟಪದ ಹತ್ತಿರ ಇಡಿಸಿದ್ದರು. ಅಲ್ಲಿ ನೆರಳಿತ್ತು, ಅಲ್ಲಿಗೆ ಬರುವ ಹೊತ್ತಿಗೆ ದರ್ಶನವೂ ಹತ್ತಿರವಾಗಿರುತ್ತಿತ್ತು, ನೀರು ಕೇಳುವವರು ಕಡಿಮೆ. ಹುಡುಗಿಯರು ಅದನ್ನು ಉರುಳಿಸಿಕೊಂಡು ಹೋಗಿ, ಅಂಗಡಿಗಳ ಶಾಮಿಯಾನ ಮುಗಿದು ಬಿಸಿಲು ಶುರುವಾಗುವ ಜಾಗದಲ್ಲಿ ನಿಲ್ಲಿಸಿದರು. ಮಧ್ಯಾಹ್ನದೊಳಗೆ ಮೂರು ಸಲ ತುಂಬಿಸಬೇಕಾಯಿತು.